ಕೂಸು ಎಂಬ ಲೇಯರ್

ನನಗೆ ಮೊದಲಿಂದಲೂ ತಡ ಎಂದರೆ ಆಗುವುದಿಲ್ಲ. ಬಸ್ಸು ತಡವಾದರೆ ಸಿಟ್ಟು, ಹಾಲು ಕಾಯುವುದು ತಡವಾದರೆ ಸಿಟ್ಟು, ಎದುರಿಗೆ ಕೂತವರು ಮಾತು ಎಳೆದರೆ ಇನ್ನೂ ಸಿಟ್ಟು. ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿಯ ಬಸ್ ಸ್ಟ್ಯಾಂಡಿನ ಹಿಂದೆ, ಜೆರಾಕ್ಸ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಕೂತು ಮನೆಗಳ ಪ್ಲಾನ್ ಬರೆಯುವವಳು ನಾನು. ಒಂದು ಪ್ಲಾನಿಗಾಗಿ ಸತ್ಯಮಂಗಲಕ್ಕೆ ಇಳಿದು, ದಿಂಬಂ ಘಾಟಿ ಹತ್ತಿಕೊಂಡು ವಾಪಸು ಬರುತ್ತಿದ್ದ ಜನ ಈಗ ನನ್ನ ಮೆಟ್ಟಿಲು ಹತ್ತುತ್ತಾರೆ. ನಾನು ಚೆನ್ನಾಗಿ ಬರೆಯುತ್ತೇನೆ ಅಂತಲ್ಲ, ಬೇಗ ಕೊಡುತ್ತೇನೆ ಅಂತ. ಅದು ನನಗೂ ಗೊತ್ತು, ಅದರ ಜಂಬವೂ ಇತ್ತು.

ಬೇಗದ ಗುಟ್ಟು ದೊಡ್ಡದೇನಲ್ಲ. ಕಂಪ್ಯೂಟರಿನಲ್ಲಿ ಮನೆಯ ಚಿತ್ರ ಬರೆಯುವಾಗ ಎಲ್ಲವನ್ನೂ ಒಂದೇ ಹಾಳೆಯ ಮೇಲೆ ಬರೆಯುವುದಿಲ್ಲ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ ಲೇಯರ್‌ಗಳಿರುತ್ತವೆ. ಗೋಡೆ ಒಂದರಲ್ಲಿ, ಪಾಯ ಒಂದರಲ್ಲಿ, ನೀರಿನ ಪೈಪು, ಕರೆಂಟಿನ ವೈರು, ಮಂಚ, ಒಲೆ ಒಂದೊಂದರಲ್ಲಿ. ಬೇಕಾದ್ದನ್ನು ಆನ್ ಮಾಡಬಹುದು, ಬೇಡದ್ದನ್ನು ಆಫ್ ಮಾಡಬಹುದು. ಪ್ಲಾನಿಗೆ ಮಂಜೂರಾತಿ ಕೊಡುವ ಆಫೀಸಿನವರಿಗೆ ಗೋಡೆ, ಗಡಿ, ಅಳತೆ ಇಷ್ಟೇ ಸಾಕು. ಮೇಸ್ತ್ರಿಗೆ ಪಾಯ, ಗುಂಡಿ, ಕಂಬ ಬೇಕು. ಮನೆಯವರಿಗೆ ಮಂಚ ಎಲ್ಲಿ ಬರುತ್ತದೆ, ಒಲೆ ಎಲ್ಲಿ ಬರುತ್ತದೆ ಅನ್ನುವುದೇ ಮನೆ. ಬೇರೆಯವರು ನಲವತ್ತು ಲೇಯರ್‌ಗಳನ್ನು ಒಂದೊಂದಾಗಿ ಆರಿಸುತ್ತ, ಹಚ್ಚುತ್ತ ಕೂರುತ್ತಾರೆ. ನಾನು ಯಾವುದು ಕಾಣಬೇಕು, ಯಾವುದು ಕಾಣಬಾರದು ಅನ್ನುವುದನ್ನು ಮೂರು ಪಟ್ಟಿಯಾಗಿ ಉಳಿಸಿ, ಒಂದೊಂದಕ್ಕೆ ಒಂದೊಂದು ಕೀ ಕೊಟ್ಟಿದ್ದೆ. ಆಫೀಸು, ಮೇಸ್ತ್ರಿ, ಮನೆಯೋರು. ಕೀ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದೇ ಮನೆ ಬೇರೆ ಮನೆಯಾಗುತ್ತಿತ್ತು.

ದೊಡ್ಡಗಾಜನೂರಿನ ಒಬ್ಬ ರೈತ ತನ್ನ ಹೊಲದಲ್ಲಿ ಮನೆ ಕಟ್ಟಲು ಬಂದಾಗ ಜೊತೆಯಲ್ಲಿ ಅವನ ದೊಡ್ಡವ್ವನೂ ಬಂದಿದ್ದಳು. ಅವನ ತಂದೆಯ ಅಣ್ಣನ ಹೆಂಡತಿ. ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ, ಇವನ ಮನೆಯೇ ಅವಳ ಮನೆ. ನಾನು ಜಂಬ ಕೊಚ್ಚಿಕೊಳ್ಳಬೇಕಲ್ಲ, ಮೂರೂ ಕೀ ಒತ್ತಿ ತೋರಿಸಿದೆ. ಮಂಚ ಬಂತು, ಹೋಯಿತು. ಪಾಯ ಬಂತು, ಹೋಯಿತು. ರೈತ ನಕ್ಕ. ಮುದುಕಿ ನಗಲಿಲ್ಲ. ಹೋದದ್ದೆಲ್ಲ ಎಲ್ಲಿಗೆ ಹೋಯಿತು ಅಂತ ಕೇಳಿದಳು.

“ಎಲ್ಲೂ ಹೋಗಿಲ್ಲ ಅವ್ವ. ಇಲ್ಲೇ ಇದೆ. ಕಾಣಲ್ಲ, ಅಷ್ಟೆ,” ಎಂದೆ.

ಅವಳು ಆ ಮಾತನ್ನು ಕೇಳಿಸಿಕೊಂಡು ಹೋದಳು. ನಾನು ಮರೆತೆ.

ನಾಲ್ಕು ದಿನದ ಮೇಲೆ ಒಬ್ಬಳೇ ಬಂದಳು. ಮೆಟ್ಟಿಲು ಹತ್ತಿದ ಉಸಿರು ಇನ್ನೂ ಇಳಿದಿರಲಿಲ್ಲ. ಹೊಲಕ್ಕೆ ಬಾ, ಒಂದು ಜಾಗ ತೋರಿಸಬೇಕು ಅಂದಳು. ಕೈತುಂಬ ಕೆಲಸವಿತ್ತು, ಗೊಣಗಿಕೊಂಡೇ ಸ್ಕೂಟರ್ ತೆಗೆದೆ. ಹೊಲದಲ್ಲಿ ಅವಳು ಬಾವಿಯ ಕಟ್ಟೆಗೆ ಬೆನ್ನು ಕೊಟ್ಟು ನಿಂತು, ಒಂದು, ಎರಡು ಅಂತ ಹೆಜ್ಜೆ ಎಣಿಸುತ್ತ ನಡೆದಳು. ಇಪ್ಪತ್ತೆರಡಕ್ಕೆ ನಿಂತಳು. ಸುತ್ತ ನೋಡಿದಳು. ಆವಾಗಿನ ಹೆಜ್ಜೆ ದೊಡ್ಡವಿದ್ದವು, ಈಗ ಸಣ್ಣವಾಗಿವೆ ಅಂತ ತನಗೆ ತಾನೇ ಹೇಳಿಕೊಂಡು ಇನ್ನೂ ಏಳು ಹೆಜ್ಜೆ ಹಾಕಿದಳು. ಅಲ್ಲಿ ಏನೂ ಇರಲಿಲ್ಲ. ಎಲ್ಲ ಕಡೆ ಇದ್ದ ಹಾಗೆ ಗರಿಕೆ, ರಾಗಿಯ ಕೂಳೆ.

“ನನ್ ಕೂಸ ಇಲ್ಲೇ ಮಣ್ಮಾಡಿರದು ಕಣವ್ವ. ಯಾರೂ ಅಗೀದಂಗೆ ನಿನ್ ಚಿತ್ರದಲ್ಲಿ ಆಕ್ಬುಡು.”

ಹೆಣ್ಣು ಕೂಸು. ಏಳು ತಿಂಗಳದ್ದು. ಜ್ವರ ಬಂದು, ಬೆಳಗಿನ ಬಸ್ಸಿಗೆ ಕೆಳಕ್ಕೆ, ಆಸ್ಪತ್ರೆಗೆ ಒಯ್ಯಬೇಕು ಅನ್ನುವಷ್ಟರಲ್ಲಿ ಹೋಗಿಬಿಟ್ಟಿತ್ತು. ನಮ್ಮ ಕಡೆ ಹಲ್ಲು ಮೂಡದ ಕೂಸಿಗೆ ಕಲ್ಲು ನೆಡುವುದಿಲ್ಲ, ದಿಬ್ಬ ಮಾಡುವುದಿಲ್ಲ. ಮೇಲೊಂದು ಮುಳ್ಳಿನ ಕೊಂಬೆ ಇಟ್ಟು ಬರುತ್ತಾರೆ, ಎರಡು ಮಳೆಗೆ ಅದೂ ಇರುವುದಿಲ್ಲ. ಹೆತ್ತವಳನ್ನು ಆವತ್ತು ಕರೆದುಕೊಂಡೂ ಹೋಗುವುದಿಲ್ಲ. ಆಮೇಲೆ ಯಾವತ್ತೋ ಗಂಡ ಬಾವಿಯಿಂದ ಹೆಜ್ಜೆ ಎಣಿಸಿ ಒಂದೇ ಒಂದು ಸಲ ತೋರಿಸಿದ್ದನಂತೆ. ಅಲ್ಲಿಂದ ವರ್ಷಕ್ಕೊಂದು ಸಲ, ಕೂಲಿಯವರಿಗೆ ಬುತ್ತಿ ಒಯ್ಯುವ ನೆಪದಲ್ಲಿ ಒಂದು ಲೋಟ ಹಾಲು ಒಯ್ದು ಹುಯ್ಯುತ್ತಿದ್ದಳು. ಗಂಡ ಸತ್ತಮೇಲೆ ಈ ಜಾಗ ಗೊತ್ತಿದ್ದವಳು ಭೂಮಿಯ ಮೇಲೆ ಅವಳೊಬ್ಬಳೇ. ಮಗನಿಗೆ, ಅಂದರೆ ಆ ರೈತನಿಗೆ, ಹೇಳಬೇಡ ಅಂದಳು. ಸೊಸೆ ಹೆದರಿಕೊಂಡರೆ ಮನೆಯೇ ನಿಲ್ಲುತ್ತದೆ, ಅದರ ಪಾಪ ತನಗೆ ಬೇಡ. ಯಾಕೆ ಅಂತ ಬರೆಯದೆ ಅಗೆಯಬಾರದು ಅಂತ ಮಾತ್ರ ಬರೆ ಅಂದಳು.

ಸರ್ವೆ ಕಲ್ಲಿನಿಂದ ಟೇಪ್ ಹಿಡಿದು ಅಳತೆ ತೆಗೆದುಕೊಂಡೆ. ಸಂಜೆ ನನ್ನ ಕೋಣೆಯಲ್ಲಿ ಕೂತು ಅದಕ್ಕೇ ಒಂದು ಹೊಸ ಲೇಯರ್ ಮಾಡಿ ‘ಕೂಸು’ ಅಂತ ಹೆಸರಿಟ್ಟೆ. ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಒಂದು ಚೌಕ, ಕೆಂಪು ಬಣ್ಣ. ಪಕ್ಕದಲ್ಲಿ ‘ಇಲ್ಲಿ ಅಗೆಯಬಾರದು’. ಕಕ್ಕಸಿನ ಗುಂಡಿ ಮೊದಲೇ ದೂರದಲ್ಲಿತ್ತು, ಮನೆಯ ಆಚೆ ಬದಿಯಲ್ಲಿ. ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿ ಆವತ್ತು ಚೆನ್ನಾಗಿ ನಿದ್ದೆ ಬಂತು.

ಮಾರನೆಯ ಬೆಳಿಗ್ಗೆ ರೈತ ಓಡಿಬಂದ. ಮೇಸ್ತ್ರಿ ಹೊಲದಲ್ಲಿ ಬಂದು ನಿಂತಿದ್ದಾನೆ, ಕಾಗದ ಈಗಲೇ ಬೇಕು. ನಾನು ಮೇಸ್ತ್ರಿ ಕೀ ಒತ್ತಿದೆ, ಪ್ರಿಂಟ್ ಕೊಟ್ಟೆ. ಅವನು ಹೆಲ್ಮೆಟ್ ತೆಗೆಯುವ ಮೊದಲೇ ಕಾಗದ ಅವನ ಕೈಯಲ್ಲಿತ್ತು. ಅಬ್ಬಾ, ಏನು ಸ್ಪೀಡಕ್ಕ ನೀವು ಅಂದ. ಆ ಮಾತಿಗೆ ಉಬ್ಬಿದೆ ನಾನು. ನನ್ನ ಉಬ್ಬಿಗಿಷ್ಟು ಬೆಂಕಿ ಹಾಕ.

ಎರಡು ವಾರ ಕಳೆದ ಮೇಲೆ ಅವನ ಫೋನ್ ಬಂತು. ಕಕ್ಕಸಿನ ಗುಂಡಿಗೆ ಗುರುತು ಮಾಡಿದ್ದ ಜಾಗದಲ್ಲಿ ಮೂರಡಿಗೇ ಬಂಡೆ ಸಿಕ್ಕಿತಂತೆ. ಮೇಸ್ತ್ರಿ ಗುಂಡಿಯನ್ನು ಬಾವಿಯ ಕಡೆಗೆ ಜರುಗಿಸಿ ಜೆಸಿಬಿಯಲ್ಲಿ ತೋಡಿಸಿಯಾಯಿತು, ಆಫೀಸಿಗೆ ತಿದ್ದಿದ ಪ್ಲಾನ್ ಕೊಡಬೇಕು, ಅಳತೆ ಬರೆದುಕೊಳ್ಳಿ ಅಂದ. ಬರೆದುಕೊಂಡೆ. ಫೈಲ್ ತೆರೆದು, ಎಲ್ಲ ಲೇಯರ್ ಆನ್ ಇಟ್ಟು, ಅವನು ಹೇಳಿದ ಅಳತೆಗೆ ಗುಂಡಿಯನ್ನು ಎಳೆದು ತಂದೆ. ಅದು ಬಂದು ಕೂತದ್ದು ಆ ಕೆಂಪು ಚೌಕದ ಮೇಲೆ, ಸರಿಯಾಗಿ.

ಬರೆದಿದ್ದೆನಲ್ಲ, ಅಗೆಯಬಾರದು ಅಂತ ಬರೆದಿದ್ದೆನಲ್ಲ ಅಂದುಕೊಂಡು ಮೇಸ್ತ್ರಿ ಕೀ ಒತ್ತಿದೆ. ಚೌಕ ಮಾಯವಾಯಿತು. ಎಲ್ಲ ಆನ್ ಮಾಡಿದೆ, ಬಂತು. ಮತ್ತೆ ಒತ್ತಿದೆ, ಹೋಯಿತು. ಎಷ್ಟು ಸಲ ಒತ್ತಿದೆನೋ. ಆಗ ತಿಳಿಯಿತು. ಆ ಪಟ್ಟಿ ಉಳಿಸಿದ್ದು ಮೊದಲ ದಿನ. ಆವತ್ತು ಕೂಸು ಅನ್ನುವ ಲೇಯರ್ ಇನ್ನೂ ಹುಟ್ಟಿರಲಿಲ್ಲ. ಪಟ್ಟಿಯಲ್ಲಿ ಇಲ್ಲದ ಲೇಯರ್ ಯಾವುದೇ ಇರಲಿ, ಕೇಳದೆ ಆಫ್ ಮಾಡಿಬಿಡು ಅಂತ ಒಂದು ಆಯ್ಕೆ ಇದೆ. ಬೇಡದ ಗೆರೆಗಳು ಪ್ರಿಂಟಿನಲ್ಲಿ ನುಸುಳಿ ತಡವಾಗುತ್ತದೆ ಅಂತ ವರ್ಷಗಳ ಹಿಂದೆ ನಾನೇ ಅದಕ್ಕೆ ಟಿಕ್ ಹಾಕಿದ್ದೆ. ಅದು ನಾನು ಹೇಳಿದ್ದನ್ನೇ ಮಾಡಿತ್ತು.

ಸ್ಕೂಟರ್ ಹೇಗೆ ಓಡಿಸಿದೆ ಅಂತ ನೆನಪಿಲ್ಲ. ಹೊಲದಲ್ಲಿ ಪಾಯ ಮೇಲೆ ಬಂದಿತ್ತು, ಗೋಡೆ ಸೊಂಟದ ಮಟ್ಟಕ್ಕೆ ಎದ್ದಿತ್ತು. ಗುಂಡಿಗೆ ಸಿಮೆಂಟಿನ ರಿಂಗುಗಳನ್ನು ಇಳಿಸಿ ಮುಗಿದಿತ್ತು. ಮೇಸ್ತ್ರಿ ಜೇಬಿನಿಂದ ಕಾಗದ ತೆಗೆದು ಬಿಡಿಸಿ ತೋರಿಸಿದ. ಮಡಿಕೆಗಳಲ್ಲಿ ಹರಿದಿತ್ತು, ಬೆವರಿನ ಕಲೆಯಾಗಿತ್ತು.

“ಇಲ್ನೋಡಿ ಅಕ್ಕ, ಕಾಗ್ದದಲ್ಲಿ ಇಲ್ಲಿ ಏನೂ ಇರ್ನಿಲ್ಲ. ಖಾಲಿ ಅದೆ ಅಂತ ಅಗಸ್ದೆ.”

ಏನಾದರೂ ಸಿಕ್ಕಿತಾ ಅಂತ ಕೇಳಿದೆ. ನಿಧಿ ಕೇಳುತ್ತಿದ್ದೀರಾ ಅಂತ ನಕ್ಕ. ಕೆಂಪು ಮಣ್ಣು, ಬೇರು, ಇನ್ನೇನಿಲ್ಲ ಅಂದ. ತೆಗೆದ ಮಣ್ಣನ್ನು ಪಾಯದ ಒಳಕ್ಕೇ ತುಂಬಿಸಿದ್ದನಂತೆ, ಮೂಲೆಯ ಚಿಕ್ಕ ಕೋಣೆಗೆ. ಮೂಟೆ ಇಡಲು ಅಂತ ನಾನು ಬರೆದಿದ್ದ ಕೋಣೆ ಅದು. ಇಡೀ ಮಣ್ಣು ಅದೊಂದಕ್ಕೇ ಸರಿಹೋಯಿತಂತೆ.

ಹೇಳದೆ ಇದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೇಸ್ತ್ರಿಗೆ ಗೊತ್ತಿಲ್ಲ, ರೈತನಿಗೆ ಗೊತ್ತಿಲ್ಲ. ಗುರುತು ಹಿಡಿಯಲು ಒಂದು ಕಲ್ಲೂ ಇರಲಿಲ್ಲ. ಚೌಕವನ್ನು ಹತ್ತಡಿ ಆಚೆಗೆ ಎಳೆದು, ಇಲ್ಲೇ ಇದೆ ಅವ್ವ ಅಂತ ತೋರಿಸಿದರೆ ಅವಳು ಅಲ್ಲೇ ಹಾಲು ಹುಯ್ಯುತ್ತಿದ್ದಳು. ಹಾಗೆ ಮಾಡೋಣ ಅಂತ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ. ಎರಡು ದಿನ ಬಾಯಿ ಮುಚ್ಚಿಕೊಂಡು ಕೂತೆ. ಆ ಎರಡು ದಿನ ಬೇರೆಯವರ ಪ್ಲಾನ್ ತೆರೆದರೂ ನನಗೆ ಅದೇ ಕಾಣುತ್ತಿತ್ತು. ತಾಳಮಲೆ ಕಡೆಯವರೊಬ್ಬರ ದನದ ಕೊಟ್ಟಿಗೆಯ ಚಿತ್ರದಲ್ಲಿ ಕೀ ಒತ್ತಿದಾಗ ಒಂದು ಗಳಿಗೆ ಕೆಂಪಗೆ ಏನೋ ಇದ್ದು ಹೋದಂತಾಯಿತು. ಸೀರೆಯ ಸೆರಗಿನಲ್ಲಿ ಸ್ಕ್ರೀನ್ ಒರೆಸಿದೆ. ಮತ್ತೆ ಒತ್ತಿದೆ, ಮತ್ತೆ ಹಾಗೇ. ಲೇಯರ್‌ಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಮೂರು ಸಲ ಓದಿದೆ, ಆ ಹೆಸರು ಅಲ್ಲಿ ಎಲ್ಲಿಂದ ಬರಬೇಕು. ನನ್ನ ಬುದ್ಧಿಗೇ ಏನೋ ಆಗಿದೆ ಅಂತ ಗೊತ್ತಿತ್ತು. ಗೊತ್ತಿದ್ದರೂ ಹಗಲು ಹೊತ್ತಿನಲ್ಲಿ ಆ ಕೋಣೆಯಲ್ಲಿ ಒಬ್ಬಳೇ ಕೂರಲು ಹೆದರಿ, ಕೆಳಗಿನ ಜೆರಾಕ್ಸ್ ಅಂಗಡಿಗೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದೆ.

ಮೂರನೆಯ ದಿನ ದೊಡ್ಡಗಾಜನೂರಿಗೆ ಹೋದೆ. ಮುದುಕಿ ಜಗುಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಂದೇ ಉಸಿರಿಗೆ ಎಲ್ಲ ಹೇಳಿದೆ, ಕೀ, ಪಟ್ಟಿ, ಟಿಕ್ ಎಲ್ಲ. ಅವಳಿಗೆ ಅದರಲ್ಲಿ ಏನು ಅರ್ಥವಾಗಬೇಕು. ಅವಳು ಕೈಯಲ್ಲಿದ್ದ ಕಾಯಿ ಬಿಡಿಸಿ ಕಾಳು ಮೊರಕ್ಕೆ ಹಾಕಿದಳು. ಇನ್ನೊಂದು ಕಾಯಿ ಎತ್ತಿಕೊಂಡು, ಬಿಡಿಸದೆ ಹಾಗೇ ಹಿಡಿದುಕೊಂಡಳು.

“ನಿನ್ ಕೈಗೆ ಕೊಟ್ಟಿದ್ದೆ ಕಣವ್ವ,” ಅಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಕಾಲ ಬಳಿ ಕೂತು ಅತ್ತುಬಿಟ್ಟೆ. ಅವಳು ಸಮಾಧಾನವನ್ನೂ ಮಾಡಲಿಲ್ಲ, ಎದ್ದು ಹೋಗು ಅಂತಲೂ ಅನ್ನಲಿಲ್ಲ. ನನ್ನ ಅಳು ನಿಂತ ಮೇಲೆ, ತೆಗೆದ ಮಣ್ಣನ್ನು ಏನು ಮಾಡಿದರು ಅಂತ ಕೇಳಿದಳು. ಹೇಳಿದೆ. ಮೊರವನ್ನು ಒಳಗಿಟ್ಟು, ಬಾಗಿಲು ಎಳೆದುಕೊಂಡು ಬಂದು, ನಡಿ ಅಂದಳು.

ಸ್ಕೂಟರಿನ ಹಿಂದೆ ಅವಳು ಕೂತದ್ದೇ ಗೊತ್ತಾಗಲಿಲ್ಲ, ಅಷ್ಟು ಹಗುರ. ಹೊಲದಲ್ಲಿ ಅವಳು ಗುಂಡಿಯ ಕಡೆ ತಿರುಗಿಯೂ ನೋಡಲಿಲ್ಲ. ಚಪ್ಪಲಿ ಬಿಟ್ಟು, ಅರ್ಧ ಎದ್ದ ಗೋಡೆಗಳ ನಡುವೆ ಆ ಚಿಕ್ಕ ಕೋಣೆಗೆ ಹೋಗಿ ನಿಂತಳು. ಮೇಲೆ ಆಕಾಶ, ಕೆಳಗೆ ನೀರು ಹಾಕಿ ತುಳಿದು ಗಟ್ಟಿ ಮಾಡಿದ ಕೆಂಪು ಮಣ್ಣು. ಬಗ್ಗಿ ಅಂಗೈ ಊರಿದಳು. ರೈತ ಆಚೆಯಿಂದ ಬಂದು, ಇದೇನು ದೊಡ್ಡವ್ವ ಇಲ್ಲಿ ಅಂದ.

“ಈ ಕ್ವಾಣೆ ನಂಗಿರ್ಲಿ ಕಣ್ಲಾ.”

ಇದು ಮೂಟೆ ಇಡುವುದಕ್ಕೆ, ಗಾಳಿ ಬರಲ್ಲ, ನಿನಗೆ ಮುಂದಿನ ಕೋಣೆ ಮಾಡಿಸಿದ್ದೇನೆ ಅಂತ ಅವನು ಹೇಳಿದ. ಒಳ್ಳೆಯವನು, ಮನಸ್ಸಿನಿಂದಲೇ ಹೇಳಿದ. ಅವಳು ಅಲ್ಲಿಂದ ಕದಲಲಿಲ್ಲ. ಅವನು ನನ್ನ ಮುಖ ನೋಡಿದ. ಕಿಟಕಿ ಒಂದು ಇಡಬಹುದು, ನಾನು ಬರೆದುಕೊಡುತ್ತೇನೆ ಅಂದೆ. ಅವನು ಅತ್ತ ಹೋದ ಮೇಲೆ ಅವಳು ನನ್ನ ಕಡೆ ತಿರುಗಿದಳು.

“ನಿನ್ ಚಿತ್ರದಲ್ಲೂವೆ ಅವಳ ಇಲ್ಲಿಗೆ ತಂದ್ಬುಡವ್ವ. ಈ ಸಲ ಅಳಿಸ್ಬ್ಯಾಡ.”

ಆವತ್ತೇ ತಿದ್ದಿದೆ. ಕಿಟಕಿ ಬರೆದೆ. ಕೆಂಪು ಚೌಕವನ್ನು ಗುಂಡಿಯ ಕೆಳಗಿನಿಂದ ಎತ್ತಿ ಕೋಣೆಯ ಒಳಗೆ, ಅವಳ ಮಂಚ ಬರುವ ಜಾಗದ ಪಕ್ಕದಲ್ಲಿಟ್ಟೆ. ಬರಹ ತೆಗೆದೆ, ಚೌಕ ಉಳಿಸಿದೆ. ಹಳೆಯ ಟಿಕ್ ತೆಗೆದುಹಾಕಿ ಮೂರೂ ಪಟ್ಟಿಗಳನ್ನು ಹೊಸದಾಗಿ ಉಳಿಸಿದೆ. ಈಗ ಆಫೀಸು ಒತ್ತಿದರೂ ಅದಿದೆ, ಮೇಸ್ತ್ರಿ ಒತ್ತಿದರೂ ಇದೆ, ಮನೆಯೋರು ಒತ್ತಿದರೂ ಇದೆ. ಯಾರಿಗೇ ಪ್ರಿಂಟ್ ಕೊಡುವಾಗಲೂ ಈಗ ಒಂದೊಂದು ಲೇಯರನ್ನೂ ಬೆರಳಿಟ್ಟು ನೋಡುತ್ತೇನೆ. ಮೊದಲಿನಂತೆ ಬೇಗ ಕೊಡುತ್ತಿಲ್ಲ ಅಂತ ಜನ ಗೊಣಗುತ್ತಾರೆ. ಗೊಣಗಲಿ.

ತಿದ್ದಿದ ಪ್ಲಾನನ್ನು ಆಫೀಸಿಗೆ ನಾನೇ ಒಯ್ದೆ. ಮೇಜಿನ ಹಿಂದೆ ಕೂತಿದ್ದವರು ಕನ್ನಡಕ ಏರಿಸಿ, ಪೆನ್ನಿನ ತುದಿಯಲ್ಲಿ ಆ ಚೌಕವನ್ನು ಮುಟ್ಟಿ, ಇದೇನಮ್ಮ ಅಂತ ತಮಿಳಿನಲ್ಲಿ ಕೇಳಿದರು. ತೊಟ್ಟಿಲು ಅಂದೆ. ಪ್ಲಾನಿನಲ್ಲಿ ತೊಟ್ಟಿಲನ್ನೂ ಬರೆಯುತ್ತೀರಾ ಅಂತ ನಕ್ಕು ಸೀಲು ಒತ್ತಿದರು. ಕಾಗದ ವಾಪಸು ಕೊಡುವಾಗ, ಮನೆಯಲ್ಲಿ ಕೂಸು ಇದೆಯಾ ಅಂತ ವಿಚಾರಿಸಿದರು.

ಇದೆ ಅಂದೆ.