ಉಳಿದಿರುವ ಒಂದು ಇದ್ದಲಿ ಗುರುತು

ಪೀರನವಾಡಿಯ ಬಸ್ ನಿಲ್ದಾಣದ ಎದುರಿನ ಖಾನಾವಳಿಯ ಹಿತ್ತಲಲ್ಲಿ ಕಳೆದ ವಾರ ಯಾರೋ ತಾಮ್ರದ ಪಾತ್ರೆಗೆ ಕಲಾಯಿ ಹಾಕುತ್ತಿದ್ದರು. ಕಾದ ಪಾತ್ರೆಗೆ ನವಸಾಗರದ ಪುಡಿ ಬಿದ್ದೊಡನೆ ಏಳುವ ಬಿಳಿ ಹೊಗೆ ರಸ್ತೆ ದಾಟಿ ಬಂದು ಮೂಗು ಚುಚ್ಚಿತು. ಔಷಧದಂಗಡಿಯಲ್ಲಿ ಕೆಲಸ ಮಾಡುವ ನನಗೆ ಆ ಪುಡಿ ಅಮೋನಿಯಂ ಕ್ಲೋರೈಡ್. ಕೆಮ್ಮಿನ ಸಿರಪ್ಪಿನ ಚೀಟಿಯ ಮೇಲೆ ದಿನವೂ ಓದುವ ಹೆಸರು. ನನ್ನ ಮೂಗಿಗೆ ಮಾತ್ರ ಅದು ಖಾನಾಪುರದ ಅತ್ತೆಯ ಮನೆ. ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ನಿಮಗೂ ಇಂಥದೊಂದು ಹೊಗೆ ಇದ್ದೀತು, ನಿಂತಲ್ಲೇ ನಿಲ್ಲಿಸುವಂಥದ್ದು.

ಆಗ ನನಗೆ ಹದಿನೇಳು. ಪಿಯುಸಿ ಎರಡನೇ ವರ್ಷದಲ್ಲಿ ಉಳಿದೆಲ್ಲ ಪಾಸಾಗಿ ರಸಾಯನಶಾಸ್ತ್ರದಲ್ಲಿ ಮಾತ್ರ ಎಪ್ಪತ್ತಕ್ಕೆ ಹದಿನೆಂಟು ಬಂದಿತ್ತು. ಪೂರಕ ಪರೀಕ್ಷೆಯಲ್ಲೂ ಅದು ಕೈಕೊಟ್ಟರೆ ಫಾರ್ಮಸಿ ಡಿಪ್ಲೊಮಾದ ಸೀಟು ಆ ವರ್ಷಕ್ಕೆ ಹೋದಂತೆ. ಮುಂದಿನ ವರ್ಷ ಮತ್ತೆ ಓದಿಸುವ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಆಟೋ ನಗರದಲ್ಲಿ ಲಾರಿಗಳ ರೇಡಿಯೇಟರ್ ಬೆಸೆಯುತ್ತಿದ್ದ ಅಪ್ಪ ಬೈಯಲೂ ಇಲ್ಲ. ತನ್ನ ಅಕ್ಕನ ಮನೆಗೆ ಕರೆದೊಯ್ದು ಬಿಟ್ಟು, "ಇಲ್ಲಿ ಟೀವಿ ಇಲ್ಲ, ಓದು" ಎಂದಷ್ಟೇ ಹೇಳಿ ಅದೇ ಬಸ್ಸಿಗೆ ಹಿಂದಿರುಗಿದ. ಟೀವಿ ಇರಲಿಲ್ಲ, ನಿಜ. ಆದರೆ ಅತ್ತೆ ಲಗ್ನದ ಮನೆಗಳಿಗೆ ಅಡಿಗೆಯ ಪಾತ್ರೆಗಳನ್ನು ಬಾಡಿಗೆಗೆ ಕೊಡುತ್ತಿದ್ದಳು. ಅಂಗಳದ ತುಂಬ ಮಗು ಕುಳಿತು ಸ್ನಾನ ಮಾಡಬಹುದಾದಷ್ಟು ದೊಡ್ಡ ತಾಮ್ರದ ಕೊಳಗಗಳು, ಅವುಗಳ ನಡುವೆ ಮಣ್ಣಿನ ಒಲೆ ಹೂಡಿ ಕಲಾಯಿ ಹಾಕುವ ಇಮಾಮ ಕಾಕಾ, ತಿದಿಯ ಉಸಿರು, ಬಿಸಿ ತವರವನ್ನು ಅರಳೆಯಿಂದ ಸವರುವ ಸರಸರ ಸದ್ದು. ನೆನಪಿನಲ್ಲಿ ಆ ಅಂಗಳದಲ್ಲಿ ಬಿಸಿಲಿದೆ. ಪೂರಕ ಪರೀಕ್ಷೆ ನಡೆಯುವುದು ಮಳೆಗಾಲದ ಬಾಗಿಲಲ್ಲಿ. ಖಾನಾಪುರದ ಮಳೆಯಲ್ಲಿ ಬಿಸಿಲು ಎಲ್ಲಿಂದ ಬಂತು? ತಗಡಿನ ಮಾಡು ಇದ್ದಿರಬೇಕು. ಎಷ್ಟು ಸಲ ಮಾಡು ಹೊದಿಸಿದರೂ ಬಿಸಿಲು ಒಳಗೆ ಬಂದೇ ಬರುತ್ತದೆ. ಇರಲಿ ಬಿಡಿ.

ನನ್ನ ಓದು ಹೇಗಿತ್ತೆಂದರೆ, ಪುಸ್ತಕದ ಸಾಲುಗಳಿಗೆ ಹಳದಿ ಬಣ್ಣ ಬಳಿದು, ಬಳಿದದ್ದನ್ನೇ ಮತ್ತೆ ಓದುವುದು. ಮೂರನೆಯ ಸಲ ಓದುವಾಗ ಎಲ್ಲವೂ ಪರಿಚಯದ ಮುಖಗಳಂತೆ ಕಾಣುತ್ತಿದ್ದವು. ಅತ್ತೆ ಕೇಳಿದಾಗಲೆಲ್ಲ "ಬರ್ತೈತಿ ಅತ್ತಿ, ಎಲ್ಲಾ ಬರ್ತೈತಿ" ಎನ್ನುತ್ತಿದ್ದೆ.

ಅತ್ತೆಗೆ ಹೊಳಪಿನ ಮೇಲೆ ನಂಬಿಕೆ ಇರಲಿಲ್ಲ. ಕಾಕಾ ಕಲಾಯಿ ಮುಗಿಸಿ ಬೆಳ್ಳಿಯಂಥ ಕೊಳಗವನ್ನು ಮುಂದಿಟ್ಟರೆ ಅವಳು ಅದರತ್ತ ನೋಡುತ್ತಲೂ ಇರಲಿಲ್ಲ. ಹುಳಿ ಮಜ್ಜಿಗೆ ಸುರಿದು, ಒಳಗೆಲ್ಲ ಆಡಿಸಿ, ಮುಚ್ಚಿಟ್ಟುಬಿಡುತ್ತಿದ್ದಳು. ಮರುದಿನ ಮುಂಜಾನೆ ಚೆಲ್ಲಿ ನೋಡಿದರೆ ತವರ ಹಿಡಿಯದ ಕಡೆ ತಾಮ್ರ ಹಸಿರುಗಟ್ಟಿರುತ್ತಿತ್ತು. ಆ ಕಲೆಗಳ ಸುತ್ತ ಇದ್ದಲಿಯಿಂದ ಗೆರೆ ಎಳೆದು ಕಾಕಾನಿಗೆ ಹಿಂದಿರುಗಿಸುವಳು. ಅವನು ಅಷ್ಟನ್ನೇ ತಿಕ್ಕಿ ಮತ್ತೆ ತವರ ಹಾಕಬೇಕು. ಮತ್ತೆ ಮಜ್ಜಿಗೆ. ಹಸಿರು ಬರದಿದ್ದರೆ ಅವಳೇ ಹೆಬ್ಬೆರಳಿನಿಂದ ಗೆರೆ ಒರೆಸುವಳು. ಕಲಾಯಿ ಹಾಕಿದವನು ಗೆರೆ ಒರೆಸುವಂತಿಲ್ಲ, ಅದು ಆ ಅಂಗಳದ ಕಟ್ಟಳೆ.

ಒಂದು ಮುಂಜಾನೆ ಕಾಕಾ, ಗೆರೆ ತುಂಬಿದ ಕೊಳಗ ಹೊತ್ತುಕೊಂಡು ಗೊಣಗಿದ: "ಅಕ್ಕಾರ, ನನ್ನ ಭಾಂಡಿಗಷ್ಟ ಮಜ್ಜಿಗಿ ಹಾಕ್ತೀರಿ. ಈ ಹುಡುಗೀನೂ ದಿನಾ ಥಳಥಳ ಅಂತೈತಿ, ಅದಕೊಮ್ಮಿ ಹಾಕಿ ನೋಡ್ರಲ್ಲ!"

"ಖರೇ ಹೇಳಿದಿ ನೋಡು ಇಮಾಮಣ್ಣ" ಎಂದು ಅತ್ತೆ ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡಳು. "ನಿನ್ನೆ ಓದಿದ್ದು ನೆಲದ ಮ್ಯಾಲ ಬರಿ ಸುಮಿ. ಇವತ್ತಿಂದು ಬ್ಯಾಡ, ಇವತ್ತಿಂದು ಬಿಸಿ ಇರ್ತೈತಿ."

(ಹೀಗೆ ನಡೆಯಿತೆಂದೇ ನನ್ನ ನಂಬಿಕೆ. ಅಪ್ಪ ಮಾತ್ರ, ಅತ್ತೆಗೆ ಹಾಗೆ ಮಾಡೆಂದು ಹೇಳಿದ್ದು ತಾನೇ ಎನ್ನುತ್ತಾನೆ.)

ಅತ್ತೆ ನಾಲ್ಕನೇ ಇಯತ್ತೆವರೆಗೆ ಮರಾಠಿ ಸಾಲಿ ಕಲಿತವಳು, ಪುಸ್ತಕ ಇಂಗ್ಲಿಷಿನದು. ಅವಳಿಗೆ ತಿಳಿಯಲಾರದೆಂದು ನಾನು ಬಳಪ ಹಿಡಿದು ಏನೋ ಒಂದು ಸಮೀಕರಣ ಗೀಚಿದೆ. ಅವಳು ರಂಗೋಲಿಯ ಚುಕ್ಕಿ ಎಣಿಸುವಂತೆ ಬಗ್ಗಿ, ಪುಸ್ತಕದ ಒಂದೊಂದು ಆಕಾರವನ್ನೂ ನೆಲದ ಆಕಾರಕ್ಕೆ ಹೋಲಿಸಿದಳು. "ಇಲ್ಲಿ ಈ ಎರಡು ಕೆಳಗ ಕುಂತೈತಿ, ನೀ ಅದನ್ನ ಮುಂದ ನಿಲ್ಲಿಸಿ. ಇಲ್ಲೊಂದು ಬಾಣ ಐತಿ, ಎಲ್ಲಿ ನಿನ್ನ ಬಾಣ? ಇದೇನವಾ, ಅರ್ಧ ಮನಿ ಕಟ್ಟಿ ಮಾಡು ಹಾಕೂದ ಮರತೀಯಲ್ಲ!" ಕಾಕಾ ಒಲೆಯ ಆಚೆಯಿಂದ ನಕ್ಕ. ಆ ಒಂದು ಪುಟದಲ್ಲಿ ಏಳು ಇದ್ದಲಿ ಗೆರೆ ಬಿದ್ದವು. ಎಲ್ಲವೂ ನಾನು ಹಳದಿ ಬಳಿದಿದ್ದ ಸಾಲುಗಳ ಮೇಲೆಯೇ. ನಾನು ಅತ್ತುಬಿಟ್ಟೆ. ಅವಳು ಗಮನಿಸಲಿಲ್ಲ, ಮುಂದಿನ ಪುಟ ತೆರೆದಳು.

ಅಂದಿನಿಂದ ದಿನವೂ ಮುಂಜಾನೆ ಹಾಗೆಯೇ. ಗೆರೆ ಬಿದ್ದದ್ದನ್ನು ಮಾತ್ರ ಓದಬೇಕು, ಮರುದಿನ ಪುಸ್ತಕ ಮುಚ್ಚಿ ಬರೆಯಬೇಕು. ಸರಿ ಬಂದರೆ ಹೆಬ್ಬೆರಳು. ಒರೆಸಿದ ಪುಟಗಳನ್ನೂ ನಾಲ್ಕು ದಿನ ಬಿಟ್ಟು ಸುಳಿವು ಕೊಡದೆ ತೆರೆಯುತ್ತಿದ್ದಳು. "ಕಲಾಯಿ ಸವಿತೈತಿ" ಎನ್ನುವಳು. ಪಾತ್ರೆಗೂ ಪಾಠಕ್ಕೂ ಹೋಲಿಕೆ ಕಟ್ಟಿ ಅವಳೆಂದೂ ಉಪದೇಶ ಮಾಡಲಿಲ್ಲ. ಆ ಹೋಲಿಕೆ ಈಗ ನಾನು ಕಟ್ಟುತ್ತಿರುವುದು, ಅದರ ಮೇಲೆ ನನಗೇ ಅನುಮಾನ. ಅವಳಿಗೆ ಬೇರೆ ರೀತಿಯ ಪರೀಕ್ಷೆ ಗೊತ್ತಿರಲಿಲ್ಲ, ಅಷ್ಟೇ.

ಪರೀಕ್ಷೆಯ ಮುಂಜಾನೆ ಒಂದೇ ಗೆರೆ ಉಳಿದಿತ್ತು. ತಾಮ್ರಕ್ಕೂ ನೈಟ್ರಿಕ್ ಆಮ್ಲಕ್ಕೂ ನಡೆಯುವ ಕ್ರಿಯೆ. ಮೂರು ತಾಮ್ರಕ್ಕೆ ಎಂಟು ಆಮ್ಲ ಎಂಬುದು ನನ್ನ ಕೈಯಲ್ಲಿ ಪ್ರತಿ ಸಲವೂ ಆರಾಗುತ್ತಿತ್ತು. ನಾನು ಅಳುವಂತಾದೆ. ಎಲ್ಲವನ್ನೂ ಮತ್ತೊಮ್ಮೆ ತಿರುವಿ ನೋಡುತ್ತೇನೆಂದು ಕೈ ಚಾಚಿದರೆ ಅತ್ತೆ ಪುಸ್ತಕ ಕೊಡದೆ ಚೀಲದ ತಳಕ್ಕೆ ತುರುಕಿದಳು. "ಒಂದು ಉಳೀತು, ಉಳೀಲಿ. ಒಂದು ಹಸರ ಕಲಿ ಇದ್ರ ಅಡಿಗಿ ನಿಲ್ಲಂಗಿಲ್ಲ. ಹೋಗಿ ಬಾ, ಬಂದ ಮ್ಯಾಲ ಒರಸೂಣು."

ಬೆಳಗಾವಿಯ ಪರೀಕ್ಷಾ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ತಿರುವಿದಾಗ ಆದದ್ದನ್ನು ಸಂತೋಷ ಎನ್ನಲಾರೆ. ಬಿಗಿದು ಕಟ್ಟಿದ ಹೊರೆ ತಲೆಯಿಂದಿಳಿದಾಗ ಕುತ್ತಿಗೆ ತಾನಾಗಿ ಮೇಲೇಳುತ್ತದಲ್ಲ, ಹಾಗೆ. ತಾಮ್ರದ ಪ್ರಶ್ನೆಯೂ ಬಂದಿತ್ತು. ಬಿಟ್ಟು, ಅದರ ಬದಲಿಗೆ ಕೊಟ್ಟಿದ್ದ ಇನ್ನೊಂದನ್ನು ಬರೆದೆ. ಐವತ್ತೆಂಟು ಬಂತು. ಫಲಿತಾಂಶದ ದಿನ ಅಪ್ಪ ಗ್ಯಾರೇಜಿನಿಂದ ಕೈ ತೊಳೆಯದೆ ಬಂದು ಬಾಗಿಲಲ್ಲೇ ಕುಳಿತುಬಿಟ್ಟ.

ಪಾಸಾದ ಸಿಹಿಗೆಂದು ಕುಂದಾ ತೆಗೆದುಕೊಂಡು ಖಾನಾಪುರಕ್ಕೆ ಹೋದೆ. ಅತ್ತೆ ಕುಂದಾ ಬದಿಗಿಟ್ಟು ಕೇಳಿದ್ದು, "ಪುಸ್ತಕ ಎಲ್ಲೈತಿ?" ತಂದಿರಲಿಲ್ಲ. ಮುಂದಿನ ಸಲ ತರುತ್ತೇನೆಂದೆ. ಆಮೇಲಿನ ಸಲಗಳಲ್ಲೂ ಕಾಲೇಜು, ಕೆಲಸ, ಕೈಯಲ್ಲಿ ಬೇರೆ ಬೇರೆ ಚೀಲ. ಸ್ಟೀಲಿನ ಪಾತ್ರೆಗಳು ಬಂದ ಮೇಲೆ ಇಮಾಮ ಕಾಕಾ ಬರುವುದು ನಿಂತಿತು. ಅತ್ತೆ ತೀರಿಹೋದ ವರ್ಷವೇ ಕೊಳಗಗಳೂ ಹೋದವು. ಈಗ ಆ ಅಂಗಳದಲ್ಲಿ ಮೋಟಾರ್ ಸೈಕಲ್ಲುಗಳು ನಿಲ್ಲುತ್ತವೆ.

ಕಳೆದ ವಾರ ಆ ಹೊಗೆಯ ದಿನ ಮನೆಗೆ ಬಂದು ಆ ಪುಸ್ತಕ ಹುಡುಕಿದೆ. ಬಿಸಿಲು ನಿಜವೋ ಮಳೆ ನಿಜವೋ ಅದು ಹೇಳುವುದಿಲ್ಲ. ಪುಟ ಪುಟದಲ್ಲೂ ಬೂದುಬಣ್ಣದ ಹೆಬ್ಬೆರಳ ಗುರುತು. ಒಂದು ಪುಟದಲ್ಲಿ ಮಾತ್ರ ಇದ್ದಲಿಯ ಗೆರೆ ಹಾಗೆಯೇ ಇದೆ. ಪುಸ್ತಕ ಮುಚ್ಚಿ ಒಂದು ಹಾಳೆಯ ಮೇಲೆ ಬರೆದು ನೋಡಿದೆ. ಮೂರು ತಾಮ್ರ, ಎಂಟು ಆಮ್ಲ, ಬಾಣ, ಮುಂದಿನದೆಲ್ಲ ಸರಿಯಾಗಿ ಬಂತು. ಹೆಬ್ಬೆರಳು ಗೆರೆಯ ತನಕ ಹೋಗಿ ನಿಂತಿತು. ಕಲಾಯಿ ಹಾಕಿದವರು ಒರೆಸುವಂತಿಲ್ಲ.