ಜುಬೇದಾ ಮೇಡಂ ಮತ್ತು ನನ್ನ ಸುಳ್ಳು ಅಂದಾಜುಗಳು

ಡಾಕ್ಟರು ರೋಗಿಯ ಎದೆಗೆ ಸ್ಟೆತಾಸ್ಕೋಪು ಇಡುವಂತೆ ಜುಬೇದಾ ಮೇಡಂ ಮೈಕ್ರೊಪ್ರೊಸೆಸರ್ ಬೋರ್ಡಿನ ಪಕ್ಕ ಒಂದು ಟ್ರಾನ್ಸಿಸ್ಟರ್ ರೇಡಿಯೋ ಇಡುತ್ತಿದ್ದರು. ಯಾವ ಸ್ಟೇಷನ್ನೂ ಸಿಗದ ಜಾಗಕ್ಕೆ ಮುಳ್ಳು ತಿರುಗಿಸಿ, ಫ್ಯಾನು ಆರಿಸಿ, ತಲೆ ಬಾಗಿಸಿ ಕೇಳುತ್ತ ಕೂಡುವರು. ಬೋರ್ಡಿನೊಳಗೆ ಪ್ರೋಗ್ರಾಮು ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತ ಸುತ್ತುತ್ತಿದ್ದರೆ ರೇಡಿಯೋ ಗುಂಯ್ ಎನ್ನುತ್ತಿತ್ತು. ಸುತ್ತು ಬೇಗ ಮುಗಿದರೆ ದನಿ ಸಣ್ಣಗಾಗಿ ಏರುತ್ತಿತ್ತು, ತಡವಾದರೆ ದಪ್ಪಗಾಗಿ ಇಳಿಯುತ್ತಿತ್ತು. ರಾಯಚೂರಿನ ಬೇಸಿಗೆಯಲ್ಲಿ ತಾವಾಗಿ ಫ್ಯಾನು ಆರಿಸಿದವರನ್ನು ನಾನು ಕಂಡದ್ದು ಅವರೊಬ್ಬರನ್ನೇ.

ಎಂಬತ್ತರ ದಶಕದ ನಡುವಿನ ಮಾತು. ನಾವಿಬ್ಬರೂ ರಾಯಚೂರಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಲೆಕ್ಚರರು. ಅವರು ಮಾನ್ವಿಯ ಬಟ್ಟೆ ಅಂಗಡಿಯವರ ಮಗಳು. ಮನೆಯಲ್ಲಿ ದಖನಿ, ಕ್ಲಾಸಿನಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ ಕೂಡಿ. ನಾನು ಗಬ್ಬೂರಿನವನು. ಊರಲ್ಲಿ ಮೊದಲು ಕಂಪ್ಯೂಟರು ಮುಟ್ಟಿದವನು ನಾನೇ ಎಂಬುದನ್ನು ಊರವರು ಮರೆಯದಂತೆ ನೋಡಿಕೊಳ್ಳುವುದೇ ಆಗ ನನ್ನ ಮುಖ್ಯ ಉದ್ಯೋಗವಾಗಿತ್ತು.

ನಾನೊಂದು ಸಣ್ಣ ಕಂಪೈಲರ್ ಬರೆದಿದ್ದೆ. ನಾವು ಬರೆದ ಪ್ರೋಗ್ರಾಮನ್ನು ಚಿಪ್ಪಿಗೆ ತಿಳಿಯುವ ಅಪ್ಪಣೆಗಳಾಗಿ ಮಾರ್ಪಡಿಸುವುದು ಅದರ ಕೆಲಸ. ಒಂದೇ ಕೆಲಸವನ್ನು ಚಿಪ್ಪಿನಿಂದ ನಾಲ್ಕಾರು ಬಗೆಯ ಅಪ್ಪಣೆಗಳಲ್ಲಿ ಮಾಡಿಸಬಹುದು. ಯಾವುದಕ್ಕೆ ಸಮಯದ ಖರ್ಚು ಕಡಿಮೆಯೋ ಅದನ್ನು ಕಂಪೈಲರ್ ಆರಿಸಬೇಕು. ಆ ಖರ್ಚುಗಳನ್ನೆಲ್ಲ ನಾನು ಚಿಪ್ಪಿನ ಕಂಪನಿಯವರ ಪುಸ್ತಕ ನೋಡಿ ತುಂಬಿದ್ದೆ.

ಮೊದಲ ಪರೀಕ್ಷೆ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ. ರೋಲರಿನ ವೇಗ ಎಣಿಸಿ ತೋರಿಸುವ ಡಬ್ಬಿ ನಮ್ಮದು, ಒಳಗೆ ನಮ್ಮ ಬೋರ್ಡು, ಅದರ ಪ್ರೋಗ್ರಾಮು ನನ್ನ ಕಂಪೈಲರಿನದು. ಮಿಲ್ಲಿನ ಮೇಸ್ತ್ರಿ ಹನುಮಂತಪ್ಪ, ದೇವದುರ್ಗದ ಕಡೆಯವನು, ಒಮ್ಮೆ ಡಬ್ಬಿಯನ್ನು, ಒಮ್ಮೆ ಮಷೀನನ್ನು ನೋಡಿದ.

"ಮಷೀನು ಜೋರ ಓಡಾಕತ್ತದ್ರಿ ಸರ. ನಿಮ್ಮ ಡಬ್ಬಿ ಅರ್ಧಾ ಅಂತದ. ಯಾರ ಮಾತು ನಂಬಲಿ?"

"ಬೆಲ್ಟು ಜಾರಾಕತ್ತಿರಬೇಕು ನೋಡು," ಎಂದೆ ನಾನು, ಗಂಭೀರವಾಗಿ.

ಅವನು ಮಷೀನು ನಿಲ್ಲಿಸಿ ಬೆಲ್ಟು ಹಿಡಿದು ಜಗ್ಗಿದ. ಬಿಗಿಯಾಗಿತ್ತು. ಆಮೇಲೆ ನಾನು ಕರೆಂಟನ್ನು ಬೈದೆ, ಹತ್ತಿಯ ಧೂಳನ್ನು ಬೈದೆ. ಜೊತೆಗೆ ಬಂದಿದ್ದ ಮೇಡಂ ವಾಪಸು ಬರುವಾಗ ರಿಕ್ಷಾದಲ್ಲಿ ಹೇಳಿದರು: "ರೋಲರು ಒಮ್ಮೆ ತಿರುಗಿದ್ದನ್ನ ಪ್ರೋಗ್ರಾಮು ಎಣಿಸೋದ್ರಾಗ ಅದು ಇನ್ನೊಮ್ಮೆ ತಿರುಗಿ ಹೋಗಾಕತ್ತದ್ರಿ. ನಮ್ಮ ಪ್ರೋಗ್ರಾಮಿನ ಸುತ್ತೇ ಭಾಳ ಉದ್ದ ಆಗೇದ."

"ಪುಸ್ತಕದ ಲೆಕ್ಕ ಹಂಗ ಹೇಳಂಗಿಲ್ಲಲ್ರಿ."

"ಪುಸ್ತಕ ಬರದಾವ್ರು ನಮ್ಮ ಬೋರ್ಡು ಕಂಡಾರೇನ್ರಿ?"

ಹತ್ತಿ ಸುಗ್ಗಿ ಮುಗಿಯುವುದರೊಳಗೆ ಸರಿಯಾಗದಿದ್ದರೆ ಬೋರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದಾಗಿ ಪ್ರಿನ್ಸಿಪಾಲರು ಹೇಳಿದರು. ಆಗ ಬಂತು ಆ ರೇಡಿಯೋ. ಮೇಡಂ ಒಂದೊಂದೇ ಅಪ್ಪಣೆಯನ್ನು ಸುತ್ತಿನೊಳಗೆ ಹಾಕಿ ಕೇಳತೊಡಗಿದರು. ಒಮ್ಮೆ ಪ್ರಿನ್ಸಿಪಾಲರು ಒಳಗೆ ಬಂದು, "ಏನ್ರಿ ಮೇಡಂ, ಡ್ಯೂಟಿಯಾಗ ರೇಡಿಯೋ?" ಎಂದರು.

"ಕೂಡ್ರಿ ಸರ, ಈ ಎರಡು ಸುತ್ತು ಕೇಳ್ರಿ. ಎರಡರಾಗೂ ಕೆಲಸ ಒಂದೇ."

ಒಂದು ಸುತ್ತು ಕೇಳಿಸಿದರು, ಇನ್ನೊಂದು ಕೇಳಿಸಿದರು. ಎರಡನೆಯದು ನಿಧಾನ ಎಂದು ಪ್ರಿನ್ಸಿಪಾಲರಿಗೆ ತಕ್ಷಣ ತಿಳಿಯಿತು. ನನಗೆ ಎರಡೂ ಸೊಳ್ಳೆಯಂತೆಯೇ ಕೇಳಿಸಿದವು. ಆದರೂ ಎಲ್ಲರಿಗಿಂತ ಮೊದಲು ತಲೆ ಆಡಿಸಿದವನು ನಾನೇ.

"ಪುಸ್ತಕದಾಗಿನ ಚಿಪ್ಪಿಗೆ ಕಾಯೋ ಕೆಲಸಿಲ್ರಿ," ಎಂದರು ಮೇಡಂ. "ನಮ್ಮ ಬೋರ್ಡಿನ ಮೆಮೊರಿ ನಿಧಾನ. ಅಲ್ಲಿಗೆ ಹೋದಾಗೊಮ್ಮೆ ಚಿಪ್ಪು ಬಾಗಲಾಗ ನಿಂತು ಕಾಯ್ತದ. ಕಾಯೋದೂ ಖರ್ಚೇ ಅಲ್ಲೇನ್ರಿ?"

ನನಗೆ ಹುರುಪು ಬಂತು. ಮೆಮೊರಿಯ ಖರ್ಚನ್ನು ಒಮ್ಮೆಲೇ ಯದ್ವಾತದ್ವಾ ಏರಿಸಿಬಿಟ್ಟೆ. ಕಂಪೈಲರ್ ಎಷ್ಟು ಬೆದರಿತೆಂದರೆ, ಮೆಮೊರಿಯ ಹತ್ತಿರ ಸುಳಿಯದೆ ಚಿಪ್ಪಿನೊಳಗೇ ಅಂಕಿಗಳನ್ನು ಅಲ್ಲಿಂದಿಲ್ಲಿಗೆ ಹೊರುತ್ತ ಕೂತಿತು. ಸುತ್ತು ಇನ್ನೂ ಉದ್ದವಾಯಿತು.

"ನಕ್ಕೋ ಸರ, ಬ್ಯಾಡ್ರಿ," ಎಂದರು ಮೇಡಂ. "ಅದನ್ನ ಹೆದರಸಬ್ಯಾಡ್ರಿ. ಎಷ್ಟದ ಅಷ್ಟೇ ಹೇಳ್ರಿ."

ಒಂದೊಂದು ಖರ್ಚನ್ನೂ ಕೇಳಿ, ಅಳೆದು, ತಿದ್ದಿ, ಮತ್ತೆ ಅಳೆದು ಸುಗ್ಗಿಯ ಕೊನೆಗೆ ಮಿಲ್ಲಿಗೆ ಹೋದೆವು. ಹನುಮಂತಪ್ಪ ವೇಗ ಅಳೆಯುವ ತನ್ನ ಕೈ ಮೀಟರನ್ನು ರೋಲರಿಗೆ ಹಿಡಿದು ನೋಡಿದ. ಮೀಟರಿನ ಅಂಕಿಗೂ ಡಬ್ಬಿಯ ಅಂಕಿಗೂ ತಾಳೆಯಾಯಿತು. "ಡಬ್ಬಿಗೆ ಬುದ್ಧಿ ಬಂತ್ರಿ," ಎಂದ, ನನ್ನನ್ನು ನೋಡುತ್ತ.

ಕೆಲವು ವರ್ಷಗಳ ಮೇಲೆ ಮೇಡಮ್ಮರ ತಂದೆಗೆ ಲಕ್ವಾ ಹೊಡೆಯಿತು. ಮೇಡಂ ಕೆಲಸ ಬಿಟ್ಟು ಮಾನ್ವಿಯ ಅಂಗಡಿಯಲ್ಲಿ ಕೂತರು. ಅಷ್ಟರಲ್ಲಿ ನಮಗೆ ಹೊಸ ಬೋರ್ಡು ಬಂತು. ಹಳೆಯ ಖರ್ಚುಗಳನ್ನೇ ಅದಕ್ಕೂ ತುಂಬಿ ನಾನು ಮತ್ತೆ ಮುಗ್ಗರಿಸಿದೆ. ಬಸ್ಸು ಹತ್ತಿ ಮಾನ್ವಿಗೆ ಹೋದೆ.

"ಒಂದು ವಾರ ಬರ್ರಿ ಮೇಡಂ, ಸಾಕು."

ಅವರು ಸೀರೆ ಮಡಚುತ್ತಲೇ ಹೇಳಿದರು: "ಅಬ್ಬಾಗ ಮಾತು ನಿಂತಾವ್ರಿ. ಏನ್ ಬೇಕಂತ ಕಣ್ಣಿಂದ ಹೇಳ್ತಾರ. ನನಗೊಬ್ಬಾಕಿಗೇ ತಿಳೀತದ. ನಾ ಹೆಂಗ ಬರ್ಲಿ?"

ಗಾದಿಯ ಮೇಲೆ ಒರಗಿದ್ದ ಮುದುಕರು ನನ್ನ ಕಡೆ ನೋಡಿದರು. ನನಗೆ ಏನೂ ತಿಳಿಯಲಿಲ್ಲ.

"ನಿಮಗ ಚಾ ತರಸು ಅನ್ನಾಕತ್ತಾರ," ಎಂದರು ಮೇಡಂ. ಚಹಾ ಕುಡಿದು ಎದ್ದಾಗ ಅಂಗಡಿಯ ಮೆಟ್ಟಿಲವರೆಗೆ ಬಂದರು. "ನೀವೇ ಅಳೀರಿ ಸರ. ಬರ್ತದ ನಿಮಗ."

ಅಳೆದೆ. ಇಡೀ ಬೇಸಿಗೆ ಹಿಡಿಯಿತು, ಆದರೆ ಸರಿಯಾಯಿತು. ಹೇಳಲೆಂದು ಮಾನ್ವಿಗೆ ಓಡಿದೆ. ಅಂಗಡಿಯಲ್ಲಿ ಯಾರೋ ಅಕ್ಕಿ ಮಾರುತ್ತಿದ್ದರು. ಮುದುಕರು ತೀರಿಕೊಂಡ ಮೇಲೆ ಮೇಡಂ ಹೈದರಾಬಾದಿನ ಅಕ್ಕನ ಮನೆಗೆ ಹೋದರೆಂದು ತಿಳಿಯಿತು. ಹೊತ್ತು ತಂದ ಮಾತು ಹೊಟ್ಟೆಯಲ್ಲಿ ನಿಲ್ಲದೆ, ಬೋರ್ಡು, ಮೆಮೊರಿ, ಖರ್ಚು, ಎಲ್ಲವನ್ನೂ ಆ ಅಕ್ಕಿಯವರಿಗೇ ಹೇಳಿದೆ. ಅವರು ಸಮಾಧಾನದಿಂದ ಕೊನೆಯವರೆಗೂ ಕೇಳಿದರು.

"ಭಾಳ ಚಲೋ ಆತ್ರಿ," ಎಂದರು. "ಅಕ್ಕಿ ಎಷ್ಟು ಕಟ್ಲಿ?"