ಹೆಡ್‌ಮಾಸ್ಟರ್ ಬೈದ ಹೊಸ ವಿದ್ಯಾರ್ಥಿ

ಇವತ್ತು ಆನ್‌ಲೈನ್ ಕ್ಲಾಸಿನಲ್ಲಿ ಮಕ್ಕಳನ್ನು ಬೇರೆ ಬೇರೆ ಗುಂಪಿಗೆ ಹಂಚುವ ಬಟನ್ ಒತ್ತಿಯೇಬಿಟ್ಟೆ, ಗೆಳೆಯರೇ! “ರಿಟೈರ್ ಆಗೋ ಹೊತ್ತಲ್ಲಿ ಇದೆಲ್ಲ ಯಾಕ್ರೀ ಮೇಡಂ?” ಎಂದಿದ್ದ ಹೆಡ್‌ಮಾಸ್ಟರನ್ನೇ ನೋಡಲು ಕರೆದಿದ್ದೆ. ಗುಂಪುಗಳೇನೋ ಆದವು. ಆದರೆ ಅವರೂ ಯಾವುದೋ ಗುಂಪಿಗೆ ಹೋಗಿಬಿದ್ದರು. ಹುಡುಕಿಕೊಂಡು ಹೋದರೆ, ಕ್ಯಾಮೆರಾ ಆಫ್ ಮಾಡಿಕೊಂಡ ಒಬ್ಬರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು.

“ಲೋಪಸಂಧಿಗೆ ಒಂದು ಉದಾಹರಣೆ ಗೊತ್ತಿಲ್ವಾ? ಮನೇಲಿ ಓದ್ತೀಯೋ ಇಲ್ವೋ?”

“ಎಲ್ಲಿ ಓದಾದ್ರೀ ಸರ್, ಬೆಳಗಾದ್ರೆ ಕುರಿ ಹೊಡ್ಕೊಂಡು ಹೋಗ್ಬೇಕು.”

ದನಿ ಕೇಳಿದ್ದೇ ಯಾರೆಂದು ಗೊತ್ತಾಯಿತು. ಅದು ನನ್ನ ವಿದ್ಯಾರ್ಥಿನಿ ರೇಣುಕಾಳ ಅಪ್ಪ, ಅಂಜನಾಪುರದ ಬಸಣ್ಣ. ಮಗಳು ನೀರು ಹಿಡಿಯಲು ಎದ್ದುಹೋದಳೆಂದು ಫೋನ್ ಹಿಡಿದು ಕೂತಿದ್ದರು. ಪರದೆಯ ಮೇಲೂ ಅವರದೇ ಹೆಸರು. ಹೆಡ್‌ಮಾಸ್ಟರ್ ಹತ್ತನೇ ಕ್ಲಾಸಿನ ಹುಡುಗನೆಂದೇ ತಿಳಿದಿದ್ದರು.

“ಸರ್, ಸರ್” ಎಂದು ಕೂಗಿಕೊಂಡೆ. ನನ್ನ ಮೈಕು ಆಫ್.

“ನಾಳೆ ನಿಮ್ಮಪ್ಪನ್ನ ಶಾಲೆಗೆ ಕರ್ಕೊಂಡು ಬಾ!”

“ನಮ್ಮಪ್ಪಗೆ ಎಂಬತ್ತು ದಾಟೈತ್ರೀ ಸರ್. ಮೊಣಕಾಲು ನೋವು, ಬಸ್ ಹತ್ತಾಕಾಗಲ್ಲ.”

ಅಷ್ಟರಲ್ಲಿ ಮೈಕಿನ ಗುರುತು ಸಿಕ್ಕಿತು. ಇವರು ಯಾರೆಂದು ಹೇಳಿದೆ. ಹೆಡ್‌ಮಾಸ್ಟರ್ ಕೂಡಲೇ, “ತಪ್ಪಾಯ್ತು ಯಜಮಾನ್ರೇ” ಎಂದರು.

“ಇರ್ಲಿ ಬಿಡ್ರೀ ಸರ್, ನಾನು ಶಾಲೀಗೆ ಹೋಗಿದ್ರೆ ಇಷ್ಟೊತ್ತಿಗೆ ಎಷ್ಟು ಬೈಸ್ಕೊಂತಿದ್ನೋ” ಎಂದರು ಬಸಣ್ಣ.

ಸಂಜೆ ಅವರದೇ ಫೋನ್. “ಮೇಡಮ್ಮೋರೇ, ಮುಂದಿನ ಕ್ಲಾಸಿಗೆ ನಾನೂ ಬರ್ಲೇಬೇಕೇನ್ರೀ?”

ಬನ್ನಿ ಎಂದೆ. ಹೆಡ್‌ಮಾಸ್ಟರೇ ಸೇರಿಸಿಕೊಂಡವರನ್ನು ಬೇಡ ಎನ್ನಲು ನಾನ್ಯಾರು?